ಕ್ಷೇಮ ಸಮಾಚಾರದ ಜೊತೆಗೆ ಒಂದಿಷ್ಟು ಕೆಲಸವನ್ನೂ ಹೇಳಿ

1757ರಲ್ಲಿ ಡಬ್ಲಿನ್ನಿನ ‘ಟೂ ಸಿಸ್ಟರ್ಸ್’ ಎಂಬ ಹಡಗು ಫ್ರಾನ್ಸಿನ ಬೋರ್ಡೋ ಬಂದರಿನಿಂದ ವೈನು, ಬ್ರಾಂದಿ ತುಂಬಿಕೊಂಡು ಊರಿಗೆ ಹೊರಟಿತ್ತು. ಜೊತೆಗೊಂದು ಅಂಚೆ ಚೀಲ. ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲವದು. ದಾರಿಯಲ್ಲಿ ಬ್ರಿಟಿಷ್ ಖಾಸಗಿ ಯುದ್ಧನೌಕೆಯೊಂದು ಹಡಗನ್ನು ಹಿಡಿಯಿತು, ಚೀಲ ನೌಕಾ ನ್ಯಾಯಾಲಯದ ಕಡತಗಳ ರಾಶಿ ಸೇರಿತು. 2011ರಲ್ಲಿ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇತಿಹಾಸಕಾರರೊಬ್ಬರ ಕೈಗೆ ಸಿಕ್ಕಾಗ ಅದರಲ್ಲಿ ನೂರಕ್ಕೂ ಹೆಚ್ಚು ಪತ್ರಗಳಿದ್ದವು. ಹೆಚ್ಚಿನವನ್ನು ಯಾರೂ ಒಡೆದೇ ನೋಡಿರಲಿಲ್ಲ. ವ್ಯಾಪಾರಿಗಳು, ಹೆಂಗಸರು, ಮನೆಗೆಲಸದವರು, ಪಾದ್ರಿಗಳು, ಸೆರೆಸಿಕ್ಕ ನಾವಿಕರು, ಹೀಗೆ ಬೋರ್ಡೋದಲ್ಲಿದ್ದ ಐರ್ಲೆಂಡಿನವರು ಮನೆಗೆ ಬರೆದ ಕಾಗದಗಳವು.

ಐರ್ಲೆಂಡಿನವರು ಅಲ್ಲಿಗೆ ಹೋದದ್ದು ಸುಮ್ಮನೆ ಅಲ್ಲ. ಬ್ರಿಟಿಷರ ಹಿಡಿತದಲ್ಲಿದ್ದ ಐರ್ಲೆಂಡಿನಲ್ಲಿ ಕ್ಯಾಥೊಲಿಕರು ಸ್ವಂತ ನಾಡಿನಲ್ಲೇ ಭೂಮಿ ಕೊಳ್ಳದಂತೆ ಕಾನೂನಿತ್ತು. ಓದಿಗೂ ಹುದ್ದೆಗೂ ಅಡ್ಡಿ. ಹಾಗಾಗಿ ಎಷ್ಟೋ ಕುಟುಂಬಗಳು ಸಮುದ್ರ ದಾಟಿದವು. ಇವತ್ತು ವೈನಿನ ಬಾಟಲಿಯ ಮೇಲೆ ಕಾಣುವ ಲಿಂಚ್ ಎಂಬ ಹೆಸರು ಗಾಲ್ವೇ ಪಟ್ಟಣದ್ದು. ಬ್ರಾಂದಿಗೆ ಹೆಸರಾದ ಹೆನ್ನೆಸಿ ಕಾರ್ಕ್ ಕಡೆಯವನು. ಐರ್ಲೆಂಡಿನಿಂದ ಉಪ್ಪು ಹಾಕಿದ ದನದ ಮಾಂಸ, ಪೀಪಾಯಿಗಟ್ಟಲೆ ಬೆಣ್ಣೆ ಬೋರ್ಡೋಗೆ ಬರುತ್ತಿತ್ತು, ಹಿಂತಿರುಗುವ ಹಡಗಿನಲ್ಲಿ ವೈನು ಹೋಗುತ್ತಿತ್ತು. ಎರಡೂ ತುದಿಯಲ್ಲಿ ಲೆಕ್ಕ ನೋಡುವವರು ಹೆಚ್ಚಾಗಿ ಅಣ್ಣನೋ ಭಾವನೋ ಸೋದರಳಿಯನೋ. ಅವರ ನಡುವಿನ ಕಾಗದದಲ್ಲಿ ಬೆಣ್ಣೆಯ ದರ, ತಂಗಿಯ ಮದುವೆ, ಬಾಕಿ ಹಣ, ಅಮ್ಮನ ಕಾಯಿಲೆ ಎಲ್ಲ ಒಂದೇ ಹಾಳೆಯಲ್ಲಿ. ಹುಡುಗನಿಗೆ ನಿಮ್ಮ ಕಚೇರಿಯಲ್ಲಿ ಕೆಲಸ ಕಲಿಸಿ ಎನ್ನುವುದೂ ಅಲ್ಲೇ.

ನಾನು ಡಬ್ಲಿನ್ನಿನಲ್ಲಿ ಸಂಬಳದ ಕೆಲಸದಲ್ಲಿರುವವನು, ವ್ಯಾಪಾರಿಯಲ್ಲ. ಮನೆ ಶಿರಸಿ ಕಡೆ, ನಾಲ್ಕೆಕರೆ ಅಡಿಕೆ ತೋಟ. ನಮ್ಮದು ದಿನವೂ ವಿಡಿಯೋ ಕಾಲ್. ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಸಮಯದ ಅಂತರ ಎಂಬುದು ಆಯಿಗೆ (ಅಮ್ಮನಿಗೆ) ಈಗ ಬಾಯಿಪಾಠ. ಮಾತು ಮಾತ್ರ ಅದೇ. ಊಟ ಆಯಿತು. ಮಳೆ ಬಂತು. ಆರಾಮ. ಅಪ್ಪಯ್ಯನ ಕಣ್ಣಿನ ಪೊರೆ ತೆಗೆದದ್ದು ನನಗೆ ತಿಳಿದದ್ದು ಪಟ್ಟಿ ಬಿಚ್ಚಿದ ಮೇಲೆ. ನನ್ನ ಕೆಲಸ ಹೋಗಿ ಹೊಸದು ಸಿಕ್ಕಿದ್ದು ಅವರಿಗೆ ತಿಳಿದದ್ದೂ ಹಾಗೆಯೇ. ಇಲ್ಲಿನ ಕನ್ನಡದವರು ಸೇರಿದಾಗ ಕೇಳಿ ನೋಡಿ, ಎಲ್ಲರ ಮನೆಯಲ್ಲೂ ಇದೇ. ದೂರದಲ್ಲಿರುವವರಿಗೆ ಯಾಕೆ ತಲೆಬಿಸಿ ಎಂದು ಅವರು, ವಯಸ್ಸಾದವರಿಗೆ ಯಾಕೆ ತೊಂದರೆ ಎಂದು ನಾವು. ಇದನ್ನು ಪ್ರೀತಿ ಎನ್ನುತ್ತೇವೆ. ಒಬ್ಬರನ್ನೊಬ್ಬರು ನೆಂಟರ ಹಾಗೆ ನಡೆಸಿಕೊಳ್ಳುವುದು ಎಂದು ನನ್ನ ಅಭಿಪ್ರಾಯ.

ಕಾಗದದ ಕಾಲ ಚೆನ್ನಾಗಿತ್ತು ಎಂಬ ಹಳೆಯ ರಾಗ ನನಗೆ ಬೇಡ. ಚೀಲವೊಂದು ಎರಡೂವರೆ ಶತಮಾನ ಕಳೆದುಹೋಗುವ ವ್ಯವಸ್ಥೆಗಿಂತ ವಾಟ್ಸಾಪ್ ಸಾವಿರ ಪಾಲು ಮೇಲು. ಆ ವ್ಯಾಪಾರಿಗಳ ನಂಟು ಗಟ್ಟಿಯಾಗಿದ್ದದ್ದು ಅವರಿಗೆ ಪರಸ್ಪರರಿಂದ ಕೆಲಸ ಆಗಬೇಕಿತ್ತು ಎಂಬ ಕಾರಣಕ್ಕೆ. ನಮ್ಮಲ್ಲೂ ಇದಿತ್ತು. ಮುಂಬಯಿಯಲ್ಲಿ ಉಡುಪಿ ಹೋಟೆಲ್ ಇಟ್ಟವರು ಊರಿನ ಹುಡುಗರನ್ನೇ ಕರೆಸಿಕೊಂಡು ಗಲ್ಲೆಗೋ ಅಡುಗೆಮನೆಗೋ ಹಾಕಿದರು, ಊರಿನ ಸುದ್ದಿ ಆ ಹುಡುಗರ ಜೊತೆಗೇ ಹೋಗಿ ಬರುತ್ತಿತ್ತು. ಮನಿಯಾರ್ಡರ್ ಫಾರಂನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿತ್ತಲ್ಲ, ದುಡ್ಡೂ ಮಾತೂ ಒಟ್ಟಿಗೇ ಮನೆ ಸೇರುತ್ತಿದ್ದವು. ಈಗ ದುಡ್ಡು ಬ್ಯಾಂಕಿಗೆ, ಮಾತು ಫೋನಿಗೆ.

ದುಡ್ಡು ನಡುವೆ ಬಂದರೆ ಜಗಳ ಎನ್ನುತ್ತೀರಿ. ನಿಜ. ಐರ್ಲೆಂಡಿನ ಫರ್ಮಾನಾ ಕೌಂಟಿಯ ಥಾಮಸ್ ಬಾರ್ಟನ್ 1725ರಲ್ಲಿ ಬೋರ್ಡೋದಲ್ಲಿ ವೈನಿನ ವ್ಯಾಪಾರ ಶುರುಮಾಡಿದ. ವಿದೇಶಿ ಸತ್ತರೆ ಅವನ ಆಸ್ತಿಯನ್ನು ಫ್ರಾನ್ಸಿನ ರಾಜ ಎತ್ತಿಕೊಳ್ಳಬಹುದಿತ್ತು. ಹಾಗಾಗಿ ಅವನು ಅಲ್ಲಿ ಸ್ವಂತ ದ್ರಾಕ್ಷಿ ತೋಟ ಮಾಡದೆ ಐರ್ಲೆಂಡಿನ ಟಿಪ್ಪರೇರಿಯಲ್ಲಿ ಭೂಮಿ ಕೊಂಡ. (ನಮಗೆ ಉಲ್ಟಾ. ಊರಿನ ಕೃಷಿ ಭೂಮಿ ಪಿತ್ರಾರ್ಜಿತವಾಗಿ ಬರಬಹುದು, ಅನಿವಾಸಿಗಳು ಕೊಳ್ಳುವಂತಿಲ್ಲ.) ಮಗ ವಿಲಿಯಂ ಜೊತೆ ಅವನಿಗೆ ಸರಿಹೋಗಲಿಲ್ಲ, ವ್ಯಾಪಾರ ಕೊನೆಗೆ ಮೊಮ್ಮಗ ಹ್ಯೂನ ಕೈಗೆ ಬಂತು. ಹ್ಯೂ 1793ರಲ್ಲಿ ಫ್ರೆಂಚ್ ಕ್ರಾಂತಿಯ ಸೆರೆಮನೆಯನ್ನೂ ಕಂಡ. ಆಮೇಲೆ 1821ರಲ್ಲಿ ಬೋರ್ಡೋ ಸೀಮೆಯ ಸೇಂಟ್ ಜೂಲಿಯನ್ ಊರಿನಲ್ಲಿ ದ್ರಾಕ್ಷಿ ತೋಟ ಕೊಂಡು, ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಸ್ಟ್ರಾಫನ್‌ನಲ್ಲಿ ಬಂಗಲೆಯನ್ನೂ ಕಟ್ಟಿಸಿದ. ಆ ಬಂಗಲೆ ಈಗ ಗಾಲ್ಫ್ ಹೋಟೆಲ್. ಸೇಂಟ್ ಜೂಲಿಯನ್ನಿನ ತೋಟ ಇವತ್ತಿಗೂ ಅದೇ ಕುಟುಂಬದ್ದು. ಜಗಳ ಆಡಿದವರ ಸಂಬಂಧವೇ ಮುನ್ನೂರು ವರ್ಷ ಬಂದಿದೆ.

ಅಂದಹಾಗೆ, ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಆ ಸೀಮೆಯ ದ್ರಾಕ್ಷಿ ತೋಟಗಳಲ್ಲೇ, 1880ರ ದಶಕದಲ್ಲಿ. ನನ್ನ ಮತ್ತು ಅಪ್ಪಯ್ಯನ ನಡುವೆ ‘ಆರಾಮ’ ಬಿಟ್ಟು ಬೇರೆ ಮಾತು ಬಂದದ್ದೂ ಅದರಿಂದಲೇ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುತ್ತಿಲ್ಲ ಎಂದು ಆಯಿ ಬಾಯಿತಪ್ಪಿ ಹೇಳಿದರು. ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ತೆಗೆದುಕೊಳ್ಳಿ ಎಂದೆ. ಮರ ಹತ್ತದೆ ಅಡಿಕೆ ಗೊನೆಯ ಒಳಗಡೆಗೆ ಔಷಧಿ ತಾಗುತ್ತದೆಯೇ ಎಂದು ಅಪ್ಪಯ್ಯ. ಅಂಗಡಿಗಳ ದರ ವಿಚಾರಿಸಿ, ಸಹಾಯಧನದ ಅರ್ಜಿಗೆ ಏನೇನು ಕಾಗದ ಬೇಕು ನೋಡಿ ಹೇಳಿ ಎಂದು ಅವರಿಗೇ ಕೆಲಸ ಹಚ್ಚಿದೆ. ಪಹಣಿಯ ಫೋಟೋ ಬಂತು. ಪಕ್ಕದ ತೋಟದಲ್ಲಿ ದೋಟಿ ಬಾಗುವುದನ್ನು ಕೆಳಗಿನಿಂದ ತೆಗೆದ ವಿಡಿಯೋ ಬಂತು, ಜೊತೆಗೆ ಅವರ ಟೀಕೆ. ಎರಡು ಸಲ ಫೋನು ಕುಕ್ಕಿದರು. ಕೊನೆಗೆ ದೋಟಿ ಕೊಂಡು, ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಲೆಕ್ಕ ಬರೆದು ಕಳಿಸಿದರು. ನನ್ನ ಪಾಲು ಅರ್ಧ, ಮಳೆ ಹಿಡಿಯುವ ಮೊದಲು ಹಾಕಬೇಕಂತೆ.