ಕಿತ್ತೂರಿನ ಎಕ್ಸ್‌ಚೇಂಜ್ ಬಿಟ್ಟುಹೋಗಿದೆ

ನಮ್ಮ ದೇಶದಲ್ಲಿ ಫೋನ್ ಬೆಳೆದು ಬಂದ ಬಗೆ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ನಮ್ಮ ದೇಶದ ಫೋನ್ ಕ್ರಾಂತಿ 1995ರಲ್ಲಿ ಮೊಬೈಲ್ ಬಂದ ಮೇಲೆಯೇ ಶುರುವಾಯಿತು ಅನ್ನುವ ಅದರ ಮಾತನ್ನು ನಾನು ಒಪ್ಪುವುದಿಲ್ಲ.

1986ರ ಜುಲೈನಲ್ಲೇ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್, ಅಂದರೆ ಫೋನ್ ಕರೆಗಳನ್ನು ಜೋಡಿಸುವ ಯಂತ್ರ, ನಮ್ಮ ಕಿತ್ತೂರಿಗೆ ಬಂದಿತ್ತು. 128 ಪೋರ್ಟ್‌ಗಳ (ಲೈನ್ ಜೋಡಿಸುವ ಜಾಗಗಳ) ಸಣ್ಣ ಯಂತ್ರ. ಹೊರದೇಶದಿಂದ ತರಿಸುತ್ತಿದ್ದ ದೊಡ್ಡ ಎಕ್ಸ್‌ಚೇಂಜ್‌ಗಳಿಗೆ ಏಸಿ ಕೋಣೆ ಬೇಕಿತ್ತು. ಇದಕ್ಕೆ ಬೇಕಿರಲಿಲ್ಲ. ನಮ್ಮ ಹಳ್ಳಿಗಳ ಸೆಕೆ, ಧೂಳು ತಡೆದುಕೊಳ್ಳಲಿ ಅಂತಲೇ ಮಾಡಿದ್ದು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಗಿದ್ದ ಯುವ ಎಂಜಿನಿಯರ್‌ಗಳ ಈ ಕೆಲಸದ ಬಗ್ಗೆ ನನಗೆ ತುಂಬಾ ಹೆಮ್ಮೆಯಿದೆ.

ಆಮೇಲೆ ಊರೂರಿಗೆ ಎಸ್‌ಟಿಡಿ ಬೂತ್‌ಗಳು, ಅಂದರೆ ದೂರದ ಊರಿಗೆ ನಾವೇ ನೇರ ಡಯಲ್ ಮಾಡಿ ದುಡ್ಡು ಕೊಡುವ ಫೋನ್ ಅಂಗಡಿಗಳು ಬಂದವು. ಆಪರೇಟರ್ ಹತ್ತಿರ ಟ್ರಂಕ್ ಕಾಲ್ (ದೂರದ ಊರಿನ ಕರೆ) ಬುಕ್ ಮಾಡಿ ಗಂಟೆಗಟ್ಟಲೆ ಕಾಯುವುದು ತಪ್ಪಿತು. ಗಾಜಿನ ಬಾಗಿಲು, ಕೆಂಪು ಅಂಕಿ ಓಡುವ ಮೀಟರ್, ಮಾತು ಮುಗಿದ ಮೇಲೆ ಬರುವ ಬಿಲ್ಲಿನ ಚೀಟಿ. ರಾತ್ರಿ ದರ ಇಳಿಯುವ ಹೊತ್ತಿಗೆ ಜನ ಜಾಸ್ತಿ. ಮನೆಯಲ್ಲಿ ಫೋನ್ ಇಲ್ಲದ ತಾಯಂದಿರು ಮುಂಬೈಯಲ್ಲಿದ್ದ ಮಗನ ದನಿ ಕೇಳಿದ್ದು ಅಲ್ಲೇ ಅಲ್ವಾ? ಬೂತ್ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಜನರ ಸಂಸಾರ ನಡೆದಿದ್ದೇ ಅದರಿಂದ. ಈ ಹತ್ತು ವರ್ಷಗಳ ಬಗ್ಗೆ ಲೇಖನದಲ್ಲಿ ಒಂದು ಪ್ಯಾರಾ ಆದರೂ ಬೇಕಿತ್ತು.