ಏಳೆಪ್ಪತ್ತು ಸಲ, ಭಾನುವಾರ ರಜೆ

ಬೆಳಗ್ಗೆ 8 ಗಂಟೆ 5 ನಿಮಿಷ. ಹೆಗಲಿಗೆ ಬ್ಯಾಗು, ಒಂದು ಕೈಯಲ್ಲಿ ಟಿಫನ್ ಡಬ್ಬಿ, ಇನ್ನೊಂದರಲ್ಲಿ ಹೆಲ್ಮೆಟ್ಟು, ಬಾಯಲ್ಲಿ ಗಾಡಿಯ ಕೀ. ಗೇಟು ತೆಗೆದರೆ ಎದುರಿಗೆ ಅಂಕಲ್ ಅವರ ಬಿಳಿ ಕಾರು. ದಿನಾ. ಇದನ್ನು ಬರೆಯುತ್ತಿರುವಾಗಲೂ ಅಲ್ಲೇ ನಿಂತಿದೆ, ಕಿಟಕಿಯಿಂದ ಕಾಣಿಸುತ್ತಿದೆ.

ನಮ್ಮದು ಲಿಂಗರಾಜಪುರದ ಒಂದು ಗಲ್ಲಿ. ಎರಡು ಆಟೋ ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಲೇಬೇಕು, ಯಾವುದು ಅನ್ನೋದು ಗಂಟಲಿನ ಮೇಲೆ ತೀರ್ಮಾನ ಆಗುತ್ತದೆ. ಅಂಕಲ್ ಎದುರುಮನೆಯವರು. ಅವರಿಗೆ ಸ್ವಂತ ಪೋರ್ಟಿಕೋ ಇದೆ. ಅದರಲ್ಲಿ ಕ್ರಿಸ್ಮಸ್ ಗೋದಲಿಯ ಬಿದಿರು, ಕೆಟ್ಟುಹೋದ ಫ್ರಿಜ್ಜು, ಆಂಟಿಯ ಹದಿನೆಂಟು ಹೂಕುಂಡ ಇವೆ. ಹಾಗಾಗಿ ಕಾರು ಹೊರಗೆ. ಹೊರಗೆ ಅಂದರೆ ನಮ್ಮ ಗೇಟಿನ ಮುಂದೆ, ಯಾಕಂದ್ರೆ ಅಲ್ಲಿ ಹೊಂಗೆ ಮರದ ನೆರಳಿದೆ. ಮರ ನೆಟ್ಟವರು ನಮ್ಮ ಮಾವ.

ಪೂರ್ತಿ ಅಡ್ಡ ನಿಲ್ಲಿಸಿದ್ದರೆ ಜಗಳ ಆಡಬಹುದಿತ್ತು. ಅಂಕಲ್ ಒಂಚೂರು ಜಾಗ ಬಿಟ್ಟಿರುತ್ತಾರೆ. ನನ್ನ ಆ್ಯಕ್ಟಿವಾದ ಹ್ಯಾಂಡಲ್‌ಗಿಂತ ಸರಿಯಾಗಿ ಒಂದು ಬೆರಳು ಕಡಿಮೆ. ಜಗಳಕ್ಕೂ ಸಾಲದು, ಗಾಡಿಗೂ ಸಾಲದು. ಕನ್ನಡಿ ಮಡಚಬೇಕು, ಹ್ಯಾಂಡಲ್ ಎಡಕ್ಕೆ ತಿರುಗಿಸಬೇಕು, ಮುಂದಿನ ಚಕ್ರ ದಾಟಿದ ಮೇಲೆ ಬಲಕ್ಕೆ ತರಬೇಕು, ಆಮೇಲೆ ಹೊಟ್ಟೆ ಒಳಗೆ ಎಳೆದುಕೊಂಡು ಬಂಪರಿನ ಪಕ್ಕ ಬಗ್ಗಿ ಗಾಡಿಯನ್ನು ತಳ್ಳಬೇಕು. ಬಗ್ಗಿದಾಗ ಮೂಗಿನ ನೇರಕ್ಕೆ ಹಿಂದಿನ ಗಾಜಿನ ಸ್ಟಿಕ್ಕರ್ ಸಿಗುತ್ತದೆ: 'ಆರೋಗ್ಯ ಮಾತೆಯೇ, ನಮಗಾಗಿ ಪ್ರಾರ್ಥಿಸಿ.' ಅಷ್ಟರಲ್ಲಿ ಸೀರೆಯ ನೆರಿಗೆ ಬಂಪರಿನ ಧೂಳೆಲ್ಲ ಒರೆಸಿರುತ್ತದೆ. ಅಂಕಲ್ ಕಾರು ವಾರಕ್ಕೆ ಆರು ದಿನ ನನ್ನ ಸೀರೆಯಿಂದಲೇ ಸ್ವಚ್ಛವಾಗುತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಆರು ದಿನ ಯಾಕಂದ್ರೆ ಭಾನುವಾರ ಅವರು ಬೆಳಗಿನ ಮೊದಲನೇ ಪೂಜೆಗೇ ಕಾರು ತೆಗೆದುಕೊಂಡು ಹೋಗುತ್ತಾರೆ.

ನಾವಿಬ್ಬರೂ ಒಂದೇ ಚರ್ಚಿನವರು. ಕಷ್ಟ ಇರುವುದೇ ಇಲ್ಲಿ. ಬೇರೆ ಯಾರಾದರೂ ಆಗಿದ್ದರೆ ಇಷ್ಟೊತ್ತಿಗೆ ಒಂದು ಸುತ್ತು ಆಗಿಹೋಗಿರುತ್ತಿತ್ತು.

ಒಂದು ಸಲ ಧೈರ್ಯ ಮಾಡಿ ಕೇಳಿಯೂ ಕೇಳಿದೆ. "ಅಂಕಲ್, ಕಾರು ಒಂದೆರಡು ಅಡಿ ಮುಂದಕ್ಕೆ ನಿಲ್ಲಿಸ್ತೀರಾ? ಗಾಡಿ ತೆಗೆಯೋಕೆ ಕಷ್ಟ ಆಗ್ತಿದೆ." ಅಂಕಲ್ ಮುಖ ಬಾಡಿಹೋಯಿತು. "ಕಷ್ಟ ಆಗ್ತಿದೆಯಾ ಮಗಳೇ? ಮೊದಲೇ ಹೇಳಬಾರದಿತ್ತಾ? ಪ್ರೇಯರ್‌ನಲ್ಲಿ ಇಡ್ತೀನಿ" ಅಂದರು. ನಾಳೆಯಿಂದ ಇಡುತ್ತಾರೆ ಅಂದುಕೊಂಡೆ. ಅಂಕಲ್ ಅಂಥ ಸೋಮಾರಿಯಲ್ಲ. ಅಲ್ಲೇ, ಆಗಲೇ, ನನ್ನ ಗಾಡಿಯ ಸೀಟಿನ ಮೇಲೆ ಒಂದು ಕೈ ಇಟ್ಟು ಕಣ್ಣು ಮುಚ್ಚಿದರು.

ಸಮಯ 8 ಗಂಟೆ 9 ನಿಮಿಷ. ಶಾಲೆಯಲ್ಲಿ ಎಂಟೂವರೆಗೆ ಹೆಬ್ಬೆಟ್ಟು ಒತ್ತಬೇಕು. ನಾನೂ ಕಣ್ಣು ಮುಚ್ಚಿದೆ, ಒಂದನ್ನು. ಇನ್ನೊಂದು ವಾಚಿನ ಮೇಲಿತ್ತು. ಪ್ರಾರ್ಥನೆ ನನ್ನಿಂದ ಶುರುವಾಗಿ ನನ್ನ ಗಂಡನಿಗೆ ಹೋಯಿತು, ಅತ್ತೆಯವರ ಮಂಡಿನೋವಿಗೆ ಹೋಯಿತು, ಹೆಣ್ಣೂರು ಮುಖ್ಯರಸ್ತೆಯಲ್ಲಿ ಆಫೀಸಿಗೆ ಹೋಗುವ ಸಮಸ್ತರಿಗೂ ತಾಳ್ಮೆ ಬೇಡಿತು. ಆಮೇಲೆ ಗಾಡಿ ಇಲ್ಲದೆ ನಡೆದು ಹೋಗುವವರು ಬಂದರು. ಪೋಪ್ ಸ್ವಾಮಿಗಳು ಬಂದರು. ಗಾಡಿಯ ನಾಲ್ಕೂ ಚಕ್ರಗಳನ್ನು ಕಾಯಿ ತಂದೆಯೇ ಅಂದರು. ನನ್ನ ಗಾಡಿಗೆ ಎರಡೇ ಚಕ್ರ ಅನ್ನೋಣ ಅಂದುಕೊಂಡೆ, ಪ್ರಾರ್ಥನೆಯ ನಡುವೆ ತಿದ್ದುವುದು ಹೇಗೆ? ಹಿಂದೆ ತರಕಾರಿ ಗಾಡಿಯವನು ಬಂದು, ನಮ್ಮನ್ನು ನೋಡಿ, ಕೂಗುವುದನ್ನು ನಿಲ್ಲಿಸಿ ಅವನೂ ಕೈ ಮುಗಿದು ನಿಂತ. 8 ಗಂಟೆ 15 ನಿಮಿಷಕ್ಕೆ ಆಮೆನ್ ಬಂತು. ಲೋಕದಲ್ಲಿರುವುದೆಲ್ಲ ಆ ಪ್ರಾರ್ಥನೆಯಲ್ಲಿತ್ತು, ಕಾರೊಂದು ಬಿಟ್ಟು. ಅಂಕಲ್ ನನ್ನ ತಲೆ ಸವರಿ, ತುಂಬ ಹಗುರಾದವರ ಹಾಗೆ ಒಳಗೆ ಹೋದರು. ನಾನು ಕನ್ನಡಿ ಮಡಚಿ, ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಹೊಟ್ಟೆ ಒಳಗೆ ಎಳೆದುಕೊಂಡೆ. ಅವತ್ತು ಲೇಟ್ ಮಾರ್ಕ್. ಮೊದಲನೇ ಪೀರಿಯಡ್ಡು ಐದನೇ ಕ್ಲಾಸಿಗೆ ನೀತಿಪಾಠ.

ಆಮೇಲೆ ತಪಸ್ಸುಕಾಲ ಬಂತು, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಅದು ಶುರುವಾಗುವ ಬೂದಿ ಬುಧವಾರ ಈ ವರ್ಷ ಫೆಬ್ರವರಿ 18ಕ್ಕೆ. ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ಏನಾದರೊಂದನ್ನು ಬಿಡಬೇಕಲ್ವಾ, ನಮ್ಮ ಮನೆಯವರು ಮಟನ್ ಬಿಟ್ಟರು. ಬಿಟ್ಟು, ಶುಕ್ರವಾರ ಶುಕ್ರವಾರ ಅಂಜಲ್ ಫ್ರೈ ತಿಂದರು. ನಿಯಮದ ಪ್ರಕಾರ ಮೀನು ಮಾಂಸ ಅಲ್ಲ. ತ್ಯಾಗಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಚಿಕನ್ ಬಿಡುವವಳಿದ್ದೆ. ಫಾದರ್ ಪ್ರಸಂಗದಲ್ಲಿ "ಕೋಳಿ ಬಿಡೋದು ದೊಡ್ಡದಲ್ಲ, ಕೋಪ ಬಿಡಿ" ಅಂದುಬಿಟ್ಟರು. ಅನ್ನುವಾಗ ನನ್ನ ಕಡೆಯೇ ನೋಡಿದರು ಅಂತ ನನಗೆ ಅನುಮಾನ. ಸರಿ, ಬಿಟ್ಟೆ. ತಪ್ಪು ಮಾಡಿದೆ. ಕೋಳಿ ಯಾವತ್ತೂ ನಮ್ಮ ಗೇಟಿಗೆ ಅಡ್ಡ ಬಂದು ನಿಂತದ್ದಿಲ್ಲ.

ಮಾರನೇ ದಿನವೇ ಪರೀಕ್ಷೆ. ಗಾಡಿ ತಳ್ಳುವಾಗ ಸೈಡ್ ಸ್ಟ್ಯಾಂಡ್ ಕಾಲಿನ ಕಿರುಬೆರಳಿಗೆ ಬಡಿಯಿತು. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದ ಇವೆ, ಆದರೆ ಅವತ್ತು ನನ್ನ ಬಾಯಿಂದ ಬಂದದ್ದು ಅದರಲ್ಲಿ ಇರಲಾರದು. ಕಿಟೆಲ್ ಪಾದ್ರಿ, ಕೇಳಿದ್ದರೂ ಬರೆದುಕೊಂಡಿರಲಿಕ್ಕಿಲ್ಲ.

ಸಂಜೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದೆ. ತಪ್ಪು ಮಾಡಿದ ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಪೇತ್ರ ಕೇಳುತ್ತಾನೆ. ಏಳು ಅಂದರೆ ಧಾರಾಳವಾಯಿತು ಅಂದುಕೊಂಡೇ ಕೇಳಿರುತ್ತಾನೆ ಪಾಪ. ಯೇಸು ಏಳಲ್ಲ, ಏಳೆಪ್ಪತ್ತು ಅನ್ನುತ್ತಾರೆ. ಅಂದರೆ 490. ಲೆಕ್ಕ ಇಡಬೇಡ ಅನ್ನುವುದಕ್ಕೇ ಹಾಗೆ ಹೇಳಿದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ನನಗೆ ಮಾತ್ರ ಅವತ್ತು ಅದು ಒಂದು ಮಿತಿಯ ಹಾಗೆ ಕಾಣಿಸಿತು. ವಾರಕ್ಕೆ ಆರರಂತೆ 82 ವಾರ. ಒಂದೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಆಮೇಲೆ ನಾನು ಸ್ವತಂತ್ರಳು.

ಅಡುಗೆಮನೆಯ ಗೋಡೆಯಲ್ಲಿ ಚರ್ಚಿನ ಕ್ಯಾಲೆಂಡರ್ ಇದೆ. ಅದರ ಕೆಳಗಿನ ಖಾಲಿ ಜಾಗದಲ್ಲಿ ಒಂದೊಂದು ಕ್ಷಮೆಗೆ ಒಂದೊಂದು ಗೀಟು ಎಳೆಯತೊಡಗಿದೆ. ಬೂದಿ ಬುಧವಾರವನ್ನೂ ಸೇರಿಸಿ ಫೆಬ್ರವರಿಯಲ್ಲಿ 10, ಮಾರ್ಚ್‌ನಲ್ಲಿ 26. ಯುಗಾದಿ ರಜೆಗೆ ನಾನು ಗಾಡಿಯನ್ನೇ ತೆಗೆದಿರಲಿಲ್ಲ, ಆದರೂ ಎಳೆದೆ. ಅಡ್ಡ ನಿಂತಿದ್ದು ನಿಜ ತಾನೇ?

ಹೀಗೆ ಮಾಡುವಾಗೆಲ್ಲ ಅಜ್ಜಿ ನೆನಪಾಗುತ್ತಿದ್ದಳು. ಡೋರನಹಳ್ಳಿಯ ಹತ್ತಿರ ಅಜ್ಜಿಯ ಊರು. ಹಿತ್ತಲಲ್ಲಿ ಒಂದು ನುಗ್ಗೆ ಮರ. ಪಕ್ಕದ ಮನೆಯವಳು ಕೇಳದೆ ಕಾಯಿ ಕಿತ್ತುಕೊಂಡು ಹೋಗುತ್ತಿದ್ದಳು, ಕೊಂಬೆ ಮುರಿದೇ ಹೋಗುತ್ತಿದ್ದಳು. ನಾವು ಮಕ್ಕಳು ಓಡಿಹೋಗಿ ಚಾಡಿ ಹೇಳಿದರೆ ಅಜ್ಜಿ ಒಲೆ ಮುಂದಿನಿಂದ ತಲೆ ಎತ್ತುತ್ತಿರಲಿಲ್ಲ. "ಹೋಗ್ಲಿ ಬಿಡು ಮಗ, ನುಗ್ಗೆ ಮುರಿದಷ್ಟೂ ಚಿಗುರುತ್ತೆ." ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಚರ್ಚಿನ ಡಬ್ಬಿಗೆ ಹಾಕುವುದು, ಸುಮ್ನೆ ಕೈ ತಾನಾಗಿ ಮಾಡುವ ಕೆಲಸ. ಲೆಕ್ಕ ಬರುತ್ತಿರಲಿಲ್ಲ ಅಂತಲ್ಲ, ಕೋಳಿಮೊಟ್ಟೆ ಒಂದು ಕಡಿಮೆಯಾದರೂ ನಮ್ಮ ಕಿವಿ ಹಿಂಡುತ್ತಿದ್ದಳು. ಆ ಪಕ್ಕದ ಮನೆಯವಳ ಹೆಸರೇ ನನಗೆ ಮರೆತುಹೋಗಿದೆ.

ಅಂಕಲ್ ಕೆಟ್ಟವರಾಗಿದ್ದರೆ ಎಷ್ಟು ಸುಲಭ ಇರುತ್ತಿತ್ತು. ಅರವತ್ತು ದಾಟಿದವರಿಗೆ ಉಪವಾಸ ಕಡ್ಡಾಯ ಅಲ್ಲ, ಅವರು ಬಿಡದೆ ಮಾಡುತ್ತಾರೆ. ಹೋದ ವರ್ಷ ನಮ್ಮವರಿಗೆ ರಾತ್ರಿ ಎರಡು ಗಂಟೆಗೆ ಕಿಡ್ನಿ ಸ್ಟೋನ್ ನೋವು ಬಂದಾಗ ಲುಂಗಿಯಲ್ಲೇ ಕಾರು ಹತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ. ಕಾರು ಗೇಟಿನ ಮುಂದೆಯೇ ಇತ್ತಲ್ಲ, ಒಂದು ನಿಮಿಷವೂ ತಡವಾಗಲಿಲ್ಲ. ಈ ವಿಷಯ ನೆನಪಾದಾಗ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ. ಪೂಜೆಯಲ್ಲಿ ಪರಸ್ಪರ ಶಾಂತಿ ಕೋರುವ ಹೊತ್ತಿಗೆ ಎಲ್ಲರೂ ಅಕ್ಕಪಕ್ಕದವರಿಗೆ ಕೈ ಮುಗಿಯುತ್ತಾರಲ್ವಾ, ಅಂಕಲ್ ಆ ಕಡೆ ಇದ್ದರೆ ನಾನು ಸ್ವಲ್ಪ ಓರೆಯಾಗಿ ನಿಂತು ಕಂಬಕ್ಕೆ ಮುಗಿಯುತ್ತೇನೆ. ಆ ಕಂಬಕ್ಕೆ ನನ್ನಿಂದ ಸಿಕ್ಕಷ್ಟು ಶಾಂತಿ ಯಾರಿಗೂ ಸಿಕ್ಕಿಲ್ಲ.

ನಿನ್ನೆ, ಪವಿತ್ರ ಗುರುವಾರ, ಬೆಳಗ್ಗೆ ಆರಕ್ಕೆ ಬೆಲ್ಲಾಯಿತು. ಹಾಲಿನ ಹುಡುಗ. ಕೈಯಲ್ಲಿ ದುಡ್ಡು ಹಿಡಿದು ನಿಂತಿದ್ದ.

"ಅಕ್ಕಾ, ನಿನ್ನೆ ಸಾರ್ ಜಾಸ್ತಿ ಕೊಟ್ಟಿದ್ದಾರೆ. ಎಕ್ಸ್‌ಟ್ರಾ 30 ಪ್ಯಾಕೆಟ್ ಅಂದ್ರು. ಮನೆಗೆ ಹೋಗಿ ಪುಸ್ತಕ ನೋಡಿದ್ರೆ ನಾನು ಹಾಕಿರೋದು ನಾಲ್ಕೇ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಡುಗೆಮನೆಗೆ ಓಡಿದೆ. ಜಾಸ್ತಿ ಹಾಲು ತಗೊಂಡ ದಿನ ಅದೇ ಕ್ಯಾಲೆಂಡರಿನಲ್ಲಿ ಗೀಟು ಎಳೆಯುವುದು ನಮ್ಮ ಮನೆಯ ಹಳೇ ಪದ್ಧತಿ. ನಮ್ಮವರು ಒಂದು ಕಂಪನಿಯ ಅಕೌಂಟ್ಸ್‌ನಲ್ಲಿರುವುದು, ಬಾಕಿ ಕಂಡರೆ ಕೈ ಕಟ್ಟಿ ಕೂರುವವರಲ್ಲ. ನಾಲ್ಕು ಹಾಲಿನ ಗೀಟನ್ನೂ ನನ್ನ 26ನ್ನೂ ಒಟ್ಟಿಗೆ ಕೂಡಿ, ದುಡ್ಡು ಕೊಟ್ಟು, ಎಲ್ಲದರ ಮೇಲೆ ಕೆಂಪು ಪೆನ್ನಿನಲ್ಲಿ ಓರೆಯಾಗಿ ಒಂದು ಉದ್ದ ಗೆರೆ ಎಳೆದು 'ಚುಕ್ತಾ' ಅಂತ ಬರೆದು, ಕೆಳಗೆ ಏಪ್ರಿಲ್ 1 ಅಂತ ತಾರೀಕು ಹಾಕಿ ಸಹಿ ಮಾಡಿದ್ದಾರೆ.

ಅಂಕಲ್ ಮಾಡಿದ 26 ತಪ್ಪಿಗೆ ನನ್ನ ಗಂಡ ಅರ್ಧ ಲೀಟರ್ ಪ್ಯಾಕೆಟ್ಟಿನ ದರದಲ್ಲಿ ದುಡ್ಡು ಕಟ್ಟಿದ್ದಾರೆ. ಅಷ್ಟು ಹಾಲು ನಾವು ಕುಡಿದೆವಾ ಅಂತ ಒಂದು ಮಾತು ಕೇಳಬಾರದಾ? "ನೀನು ಸಿಟ್ಟಲ್ಲಿದ್ದೆ, ಪಾಯಸ ಗೀಯಸ ಮಾಡಿ ಹಂಚಿರಬಹುದು ಅಂದ್ಕೊಂಡೆ" ಅಂದರು. ಸಿಟ್ಟಲ್ಲಿ ಪಾಯಸ ಮಾಡುವವರು ಎಲ್ಲಿದ್ದಾರೆ? ಹುಡುಗನಿಗೆ ಐವತ್ತು ರೂಪಾಯಿ ಕೊಡಲು ಹೋದೆ, ಬೇಡ ಅಕ್ಕ ಅಂತ ಸೈಕಲ್ ಹತ್ತಿಬಿಟ್ಟ. ಫೆಬ್ರವರಿಯ ಹತ್ತು ಗೀಟು ಹಿಂದಿನ ಹಾಳೆಯಲ್ಲಿದ್ದದ್ದರಿಂದ ನಮ್ಮವರ ಕಣ್ಣಿಗೆ ಬಿದ್ದಿಲ್ಲ. ಅವಷ್ಟೇ ಈಗ ಬಾಕಿ.

ಇವತ್ತು ಶುಭ ಶುಕ್ರವಾರ. ಮನೆಯಲ್ಲಿ ಗಂಜಿ. ಈಗಷ್ಟೇ ಅಂಕಲ್ ಹೊರಗೆ ಬಂದು ವೈಪರಿಗೆ ಸಿಕ್ಕಿದ್ದ ಹೊಂಗೆ ಹೂವನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಕಿಟಕಿಯಲ್ಲಿ ನನ್ನನ್ನು ನೋಡಿದರು.

"ಮಗಳೇ, ಮೂರು ಗಂಟೆ ಆರಾಧನೆಗೆ ಈ ಬಿಸಿಲಲ್ಲಿ ಗಾಡೀಲಿ ಹೋಗಬೇಡಿ. ಅತ್ತೆಯವರನ್ನೂ ಕರ್ಕೊಂಡು ನಮ್ಮ ಕಾರಲ್ಲೇ ಬನ್ನಿ. ಇಲ್ಲೇ ಗೇಟ್ ಮುಂದೇನೇ ಇದೆ."

"ಬರ್ತೀವಿ ಅಂಕಲ್" ಅಂದೆ.

ಅಡುಗೆಮನೆಗೆ ಹೋಗಿ ಪೆನ್ನು ಹುಡುಕಿ, ಏಪ್ರಿಲ್ ಹಾಳೆ ಎತ್ತಿ, ಇವತ್ತಿನ ಗೀಟು ಹಿಂಬದಿಗೆ ಎಳೆದೆ. ಮುಂಬದಿ ಹಾಲಿಗಿರಲಿ.