ಎರಡು ಪೈಪು ಇದ್ದೂ ಒಂದು ಮಾಡಿಕೊಂಡೆವು

ನಾನಿರುವ ಟೊರಾಂಟೋದಲ್ಲಿ ಬೇಸ್‌ಮೆಂಟ್ ಅಂದರೆ ಜನ ಮಲಗುವ, ಬಟ್ಟೆ ಒಗೆಯುವ, ಬಾಡಿಗೆಗೂ ಕೊಡುವ ಜಾಗ. ಚರಂಡಿ ನೀರು ಅಲ್ಲಿಗೆ ಉಕ್ಕಿದರೆ ಸಂಸಾರವೇ ಬೀದಿಗೆ. ಬೆಂಗಳೂರಲ್ಲಿ ‘ಪಾರ್ಕಿಂಗ್ ತಾನೇ’ ಅಂತ ಸುಮ್ಮನಿರುತ್ತೇವೆ. ಆದರೆ ಕರೆಂಟ್ ಮೀಟರ್, ಡ್ರೈವರ್‌ಗಳ ಟಾಯ್ಲೆಟ್, ಕುಡಿಯುವ ನೀರಿನ ಸಂಪು ಎಲ್ಲಾ ಅಲ್ಲೇ ಅಲ್ವಾ? 2025ರ ಮೇನಲ್ಲಿ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ತುಂಬಿದ ನೀರನ್ನು ಪಂಪ್‌ನಿಂದ ಖಾಲಿ ಮಾಡುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬ 12 ವರ್ಷದ ಹುಡುಗ.

ರಸ್ತೆಯ ಪೈಪು ಕಟ್ಟಿಕೊಂಡರೆ ನೀರು ಮ್ಯಾನ್‌ಹೋಲ್ ಮುಚ್ಚಳದವರೆಗೂ ಏರುತ್ತದೆ. ಮನೆಯಲ್ಲಿ ಅದಕ್ಕಿಂತ ತಗ್ಗಿನಲ್ಲಿರುವ ಕಮೋಡು, ನೆಲದ ಜಾಲರಿಯಿಂದ ಉಕ್ಕುತ್ತದೆ. ಟೊರಾಂಟೋದವರು ಅದಕ್ಕೆ ವಾಲ್ವ್ ಹಾಕಿಸುತ್ತಾರೆ. ನೀರು ತಿರುಗಿ ಬಂದರೆ ಒಳಗಿನ ತಟ್ಟೆ ಎದ್ದು ಮುಚ್ಚಿಕೊಳ್ಳುತ್ತದೆ. ನಗರಾಡಳಿತ ಖರ್ಚಿನಲ್ಲಿ ಒಂದು ಪಾಲು ಕೊಡುತ್ತದೆ. ಆದರೆ ಅದು ಮುಚ್ಚಿದಾಗ ನಮ್ಮ ನೀರೂ ಹೊರಗೆ ಹೋಗುವುದಿಲ್ಲ. ಜೋರು ಮಳೆಯಲ್ಲಿ ವಾಷಿಂಗ್ ಮೆಷಿನ್ ಹಾಕಿದಿರೋ, ನಿಮ್ಮದೇ ಕೊಳೆ ನಿಮ್ಮ ಕಾಲಡಿಗೆ. ತಟ್ಟೆಗೆ ಜಿಡ್ಡು, ಕೂದಲು ಸಿಕ್ಕಿಕೊಂಡರೆ ಮುಚ್ಚುವುದೇ ಇಲ್ಲ, ಆಗಾಗ ಬಿಚ್ಚಿ ತೊಳೆಯಬೇಕು. ಬೆಂಗಳೂರಿನ ಪ್ಲಂಬರ್‌ಗಳಿಗೂ ನಾನ್ ರಿಟರ್ನ್ ವಾಲ್ವ್ ಗೊತ್ತು. ಅದರ ಮೇಲೆ ಟೈಲ್ಸ್ ಕೂರಿಸಿಬಿಟ್ಟರೆ ಮಾತ್ರ ಹಾಕಿಸಿದ್ದೇ ದಂಡ.

ನನಗೆ ವಾಲ್ವ್‌ಗಿಂತ ದೊಡ್ಡದಾಗಿ ಕಾಣುವುದು ಮಳೆ ನೀರು. ಟೊರಾಂಟೋದ ಹಳೇ ಭಾಗಗಳಲ್ಲಿ ಮಳೆಗೂ ಕಕ್ಕಸಿಗೂ ಒಂದೇ ಪೈಪು. ಅದಕ್ಕೇ ಸೂರಿನ ನೀರನ್ನು ಅದಕ್ಕೆ ಬಿಡಬಾರದು, ಅಂಗಳಕ್ಕೆ ಬಿಡಬೇಕು ಅಂತ ಕಾನೂನು ಮಾಡಿದ್ದಾರೆ. ನಮ್ಮಲ್ಲಿ ಮಳೆಗೆ ಮೋರಿ, ರಾಜಕಾಲುವೆ, ಕೊಳಚೆಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ. ಬೇರೆ ಇದ್ದದ್ದನ್ನು ನಾವೇ ಸೇರಿಸುತ್ತೇವೆ! ಜೆ.ಪಿ. ನಗರದಲ್ಲಿ ಚಿಕ್ಕಪ್ಪನ ಮನೆ ಕಟ್ಟಿದ ಮೇಸ್ತ್ರಿ ತಾರಸಿ ಪೈಪನ್ನು ಸೀದಾ ಯುಜಿಡಿ ಚೇಂಬರಿಗೆ ಇಳಿಸಿದ್ದ. ಯಾಕಪ್ಪಾ ಅಂದರೆ, “ಮೋರಿಗೆ ಬಿಟ್ರೆ ಪಕ್ಕದ್ಮನೆಯೋರು ಜಗಳಕ್ಕೆ ಬರ್ತಾರೆ ಸಾರ್. ಇದಾದ್ರೆ ಯಾರಿಗೂ ಕಾಣ್ಸಲ್ಲ.”

ಸಾವಿರ ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್. ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್. ಬೀದಿಯವರೆಲ್ಲ ಒಂದೇ ಗಂಟೆಯಲ್ಲಿ ಹೀಗೆ ಸುರಿದರೆ ಯುಜಿಡಿ ಎಷ್ಟಂತ ತಾಳೀತು? ತಗ್ಗಿನ ಮನೆಯವರ ಬಚ್ಚಲಲ್ಲಿ ಅದು ಏಳುತ್ತದೆ. ಬೇಸಿಗೆಯಲ್ಲಿ ನೀರನ್ನು ದುಡ್ಡು ಕೊಟ್ಟು ತರಿಸುತ್ತೇವೆ ಬೇರೆ!

ಚಿಕ್ಕಪ್ಪನಿಗೆ ಹೇಳಿದ್ದೇನೆ. ಮೊದಲು ಆ ಪೈಪು ಬಿಡಿಸಿ ಇಂಗುಗುಂಡಿಗೆ ತಿರುಗಿಸಿ. ಬೇಸ್‌ಮೆಂಟ್ ಟಾಯ್ಲೆಟ್ಟಿನ ನೀರನ್ನು ಪಂಪಿನಲ್ಲಿ ರಸ್ತೆ ಮಟ್ಟಕ್ಕಿಂತ ಮೇಲೆತ್ತಿ ಯುಜಿಡಿಗೆ ಬಿಡಿ. ವಾಲ್ವ್ ಆಮೇಲೆ. ಮೇಸ್ತ್ರಿಯನ್ನು ಕರೆಸಿದ್ದಾರಂತೆ, ಗುಂಡಿ ಎಲ್ಲಿ ತೋಡುವುದು ಅಂತ ಚಿಕ್ಕಮ್ಮನ ಜೊತೆ ಇನ್ನೂ ಮಾತುಕತೆ ನಡೀತಿದೆ.